ಚಾಲಕನಿಲ್ಲದ ಪಿಕಪ್: ಮೋಟರ್‌ಹೋಮ್ ಹಿಂದೆ ಎಳೆಯುವಾಗ ಕಾಣುವ ದೋಷಗಳ ಪತ್ತೆ

ಒಳಗೇ ವಾಸಿಸಬಹುದಾದ ಮನೆಯಂಥ ದೊಡ್ಡ ಗಾಡಿ ಮೋಟರ್‌ಹೋಮ್. ಅದರ ಹಿಂದೆ, ಎರಡು ಗಾಡಿಗಳನ್ನು ಜೋಡಿಸುವ ಟೋ ಬಾರ್ ಸಿಕ್ಕಿಸಿ, ನಾಲ್ಕೂ ಚಕ್ರ ನೆಲದ ಮೇಲೆಯೇ ಉರುಳುವಂತೆ ಎಳೆದೊಯ್ಯುವ ಪಿಕಪ್‌ನಲ್ಲಿ ಚಾಲಕ ಇರುವುದಿಲ್ಲ. ತೊಂದರೆಗಳ ಬೇರು ಇಲ್ಲೇ ಇದೆ. ನಾವು ಓಡಿಸುವ ಗಾಡಿಯಲ್ಲಿ ಬ್ರೇಕ್ ಹಿಡಿದುಕೊಂಡರೆ ಕಾಲಿಗೆ ಗೊತ್ತಾಗುತ್ತದೆ, ಬೇರಿಂಗ್ ಸವೆದರೆ ಕಿವಿಗೆ, ಟೈರಿನ ಗಾಳಿ ಇಳಿದರೆ ಸ್ಟೇರಿಂಗ್ ಹಿಡಿದ ಕೈಗೆ. ಹಿಂದೆ ಬರುವ ಖಾಲಿ ಗಾಡಿಯಿಂದ ಇವುಗಳಲ್ಲಿ ಒಂದೂ ನಮ್ಮನ್ನು ತಲುಪುವುದಿಲ್ಲ. ಎಳೆಯುವ ಗಾಡಿ ಎಷ್ಟು ಭಾರವೋ ಅಷ್ಟು ಹಿಂದಿನ ಸುದ್ದಿ ಮುಚ್ಚಿಹೋಗುತ್ತದೆ. ಪಿಕಪ್‌ನ ಟೈರ್ ಒಡೆದು ರಿಮ್ ಮೇಲೆ ಉರುಳುತ್ತಿದ್ದರೂ ಮುಂದೆ ಕುಳಿತವರಿಗೆ ತಿಳಿಯದೆ ಹೋಗಬಹುದು.

ಆದ್ದರಿಂದ ದೋಷ ಹುಡುಕುವ ಕೆಲಸ ಗ್ಯಾರೇಜಿನಲ್ಲಿ ಶುರುವಾಗುವುದಿಲ್ಲ. ಹೊರಟ ಮೇಲೆ 10–15 ಕಿಲೋಮೀಟರ್ ದಾಟಿ ಮಾಡುವ ಮೊದಲ ನಿಲುಗಡೆಯಲ್ಲಿ ಶುರುವಾಗುತ್ತದೆ. ಅಲ್ಲಿ ಇಳಿದು ಪಿಕಪ್ ಸುತ್ತ ಒಂದು ಸುತ್ತು ಬನ್ನಿ. ಮೂಗಿಗೆ ಸುಟ್ಟ ವಾಸನೆ ಬರುತ್ತದೆಯೇ ನೋಡಿ. ನಾಲ್ಕು ಚಕ್ರಗಳ ನಡುಭಾಗದ ಹಬ್‌ಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಕೆಳಗೆ ಬಗ್ಗಿ ಗೇರ್‌ಬಾಕ್ಸಿನ ಹಿಂತುದಿಯನ್ನು ನೋಡಿ. ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳಿ. ಈ ಕೆಲಸದಲ್ಲಿ ಅದರಷ್ಟು ಉಪಕಾರ ಮಾಡುವ ಸಾಧನ ಬೇರೊಂದಿಲ್ಲ. ಜೊತೆಗೆ ಮಲ್ಟಿಮೀಟರ್, ಟೈರ್ ಗಾಳಿ ಅಳೆಯುವ ಗೇಜ್, ಜಾಕ್ ಮತ್ತು ಒಂದೆರಡು ಮೀಟರ್ ವೈರ್ ಇದ್ದರೆ ಕೆಳಗೆ ಹೇಳುವ ಬಹುಪಾಲು ದೋಷಗಳನ್ನು ರಸ್ತೆ ಬದಿಯಲ್ಲೇ ಹಿಡಿಯಬಹುದು.

ಗೇರ್‌ಬಾಕ್ಸ್ ಬಿಸಿ, ಎಣ್ಣೆ ಸೋರಿಕೆ, ಎಳೆದ ಮೇಲೆ ಗೊರಗೊರ ಸದ್ದು

ಇದನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣವಿದೆ. ಉಳಿದ ದೋಷಗಳು ಗೊತ್ತಾದ ಮೇಲೂ ಸರಿಪಡಿಸಬಹುದು. ಗೇರ್‌ಬಾಕ್ಸ್ ಮಾತ್ರ ಸದ್ದು ಮಾಡುವ ಹೊತ್ತಿಗೆ ಒಳಗೆ ಹಾಳಾಗಿರುತ್ತದೆ.

ಎಂಜಿನ್ ನಿಂತಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ, ಹಿಂದಿನ ಚಕ್ರಗಳು ಉರುಳುತ್ತಿವೆ ಎಂದುಕೊಳ್ಳಿ. ಚಕ್ರಗಳು, ಹಿಂದಿನ ಆಕ್ಸಲ್‌ಗೂ ಗೇರ್‌ಬಾಕ್ಸಿಗೂ ನಡುವಿನ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ತಿರುಗಿಸುತ್ತವೆ, ಅದು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟನ್ನು ತಿರುಗಿಸುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸಿನಲ್ಲಿ ಎಣ್ಣೆಯೊಳಗೆ ಮುಳುಗಿ ತಿರುಗುತ್ತಾ ಅದನ್ನು ಮೇಲಕ್ಕೆ ಎರಚುವುದು ಕೆಳಗಿನ ಕೌಂಟರ್ ಶಾಫ್ಟ್. ನ್ಯೂಟ್ರಲ್‌ನಲ್ಲಿ ಆ ಶಾಫ್ಟ್ ಕದಲುವುದೇ ಇಲ್ಲ. ಅಂದರೆ ಮೇಲಿನ ಔಟ್‌ಪುಟ್ ಶಾಫ್ಟ್ ನೂರಾರು ಕಿಲೋಮೀಟರ್ ತಿರುಗುತ್ತಿದ್ದರೂ ಅದರ ಬೇರಿಂಗ್‌ಗೆ ಎಣ್ಣೆ ಸಿಗುವುದಿಲ್ಲ. ಆಟೊಮ್ಯಾಟಿಕ್‌ನಲ್ಲಿ ಸ್ಥಿತಿ ಇನ್ನೂ ಕೆಟ್ಟದು: ಎಣ್ಣೆ ಒತ್ತುವ ಪಂಪನ್ನು ಎಂಜಿನ್ನೇ ನಡೆಸುತ್ತದೆ, ಎಂಜಿನ್ ನಿಂತರೆ ಪಂಪೂ ನಿಂತಂತೆ. 'ನ್ಯೂಟ್ರಲ್‌ಗೆ ಹಾಕಿದ್ದೇನೆ, ಏನೂ ಆಗುವುದಿಲ್ಲ' ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೀಗೆ ನಂಬಿದವರ ಗೇರ್‌ಬಾಕ್ಸ್ ಬಿಚ್ಚಿದಾಗ ನೀಲಿಗಟ್ಟಿದ ಶಾಫ್ಟನ್ನೂ ಪುಡಿಯಾದ ಬುಶ್ಶನ್ನೂ ನೋಡಿ ಸಂಕಟಪಟ್ಟಿದ್ದೇನೆ.

ಮೊದಲ ನಿಲುಗಡೆಯಲ್ಲಿ ಗೇರ್‌ಬಾಕ್ಸಿನ ಮಧ್ಯಭಾಗದ ಬಿಸಿಯನ್ನೂ ಹಿಂತುದಿಯ ಬಿಸಿಯನ್ನೂ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಒಳ್ಳೆಯದು. ಹಿಂತುದಿ ಮಾತ್ರ ಸುಡುತ್ತಿದ್ದು, ಅಲ್ಲಿನ ಸೀಲ್ ಸುತ್ತ ಎಣ್ಣೆ ಒಸರಿದ್ದರೆ ಎಳೆಯುವುದನ್ನು ಅಲ್ಲಿಯೇ ನಿಲ್ಲಿಸಿ. ಮುಂದಿನ ದಾರಿ ಮೂರು. ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿಡಬಹುದು. ಬಿಚ್ಚುವ ಮೊದಲು ಬೋಲ್ಟ್ ಹಾಕಿ ಜೋಡಿಸಿದ ಎರಡೂ ಫ್ಲ್ಯಾಂಜ್‌ಗಳ (ಬಿಲ್ಲೆಗಳ) ಮೇಲೆ ಒಂದೇ ನೇರದಲ್ಲಿ ಬಣ್ಣದ ಗೆರೆ ಎಳೆಯಿರಿ, ಮತ್ತೆ ಜೋಡಿಸುವಾಗ ಗೆರೆ ಗೆರೆಗೆ ಕೂರದಿದ್ದರೆ ಗಾಡಿ ನಡುಗುತ್ತದೆ. ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟಿನ ಬೇರಿಂಗ್ ಕಪ್‌ಗಳು ಉದುರದಂತೆ ಟೇಪ್ ಸುತ್ತಿ, ಶಾಫ್ಟ್ ಪೂರ್ತಿ ಹೊರಬರುವ ಮಾದರಿಯಾದರೆ ಗೇರ್‌ಬಾಕ್ಸಿನ ಬಾಯಿಗೆ ಮುಚ್ಚಳ ಹಾಕಿ. ಎರಡನೆಯದು, ಶಾಫ್ಟನ್ನು ಕೇಬಲ್ ಎಳೆದು ಬೇರ್ಪಡಿಸುವ ಸಾಧನವನ್ನು ಶಾಶ್ವತವಾಗಿ ಕೂರಿಸುವುದು. ಮೂರನೆಯದು, ಗಾಡಿಯನ್ನು ಪೂರ್ತಿ ಟ್ರೇಲರ್ ಮೇಲೆ ಏರಿಸುವುದು. ಕೆಲವು ಮ್ಯಾನುಯಲ್ ಗಾಡಿಗಳ ಕೈಪಿಡಿಯಲ್ಲಿ, ಇಷ್ಟು ದೂರಕ್ಕೊಮ್ಮೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ ಎಂಬ ಸೂಚನೆ ಇರುತ್ತದೆ. ಕ್ಲಚ್ ಬಿಟ್ಟಾಗ ಕೌಂಟರ್ ಶಾಫ್ಟ್ ತಿರುಗಿ ಎಣ್ಣೆ ಎರಚಲಿ ಎಂಬುದೇ ಅದರ ಉದ್ದೇಶ. ಕೈಪಿಡಿ ಹೇಳಿದ್ದರೆ ಮಾತ್ರ ಹೀಗೆ ಮಾಡಿ.

ಗೇರ್‌ಬಾಕ್ಸಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನಲ್ಲಿಯೇ ನ್ಯೂಟ್ರಲ್ ಇರುವ ಫೋರ್ ವ್ಹೀಲ್ ಡ್ರೈವ್ ಪಿಕಪ್‌ಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಜೀಪ್ ಗ್ಲಾಡಿಯೇಟರ್ ಅಂಥದ್ದು. ಅಲ್ಲಿ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಬಂದರೆ ಚಕ್ರಗಳಿಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯುತ್ತದೆ. ಆಮೇಲೆ ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ, ಮ್ಯಾನುಯಲ್ ಆದರೆ ಗೇರಿನಲ್ಲಿ ಬಿಡಬೇಕು. ದೋಷ ಹುಟ್ಟುವುದು ಲಿವರ್ ನ್ಯೂಟ್ರಲ್ ತೋರಿಸಿದರೂ ಒಳಗಿನ ಗೇರ್ ಪೂರ್ತಿ ಬಿಡದಿದ್ದಾಗ. ಇದನ್ನು ಕಣ್ಣಿನಿಂದ ನೋಡಿ ನಂಬಬೇಡಿ. ಕೈಪಿಡಿಯ ಕ್ರಮದಲ್ಲಿ ನ್ಯೂಟ್ರಲ್‌ಗೆ ತಂದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಡ್ರೈವ್‌ಗೆ ಹಾಕಿ ಬ್ರೇಕ್ ಬಿಡಿ: ಗಾಡಿ ಒಂದಿಂಚೂ ಕದಲಬಾರದು. ರಿವರ್ಸ್‌ಗೆ ಹಾಕಿ ಮತ್ತೆ ನೋಡಿ. ಎರಡರಲ್ಲೂ ಕದಲದಿದ್ದರೆ ಮಾತ್ರ ಎಂಜಿನ್ ನಿಲ್ಲಿಸಿ.

ಗೇರ್ ಬಿಡದೆ ಎಳೆದರೆ ಆಗುವುದೇನು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಸುತ್ತಳತೆ ಸುಮಾರು 2.2 ಮೀಟರ್ ಇರುವ ಚಕ್ರ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 680 ಸುತ್ತು ಹಾಕುತ್ತದೆ. ಶಾಫ್ಟಿನ ತಿರುಗುವಿಕೆಯನ್ನು ಚಕ್ರಗಳಿಗೆ ಮುಟ್ಟಿಸುವ ಡಿಫರೆನ್ಷಿಯಲ್‌ನ ಅನುಪಾತ 4.1 ಎಂದಿಟ್ಟುಕೊಂಡರೆ ಪ್ರೊಪೆಲ್ಲರ್ ಶಾಫ್ಟ್ 2,800 ಸುತ್ತು. ಟ್ರಾನ್ಸ್‌ಫರ್ ಕೇಸ್ ಲೋ ರೇಂಜಿನಲ್ಲಿ, ಅಂದರೆ 2.5ರ ಅನುಪಾತದಲ್ಲಿ ಉಳಿದಿದ್ದರೆ 7,000. ಗೇರ್‌ಬಾಕ್ಸ್ ಮೊದಲ ಗೇರಿನಲ್ಲಿದ್ದು ಅದರ ಅನುಪಾತ 4 ಆಗಿದ್ದರೆ ಎಂಜಿನ್ ಕಡೆಗೆ 28,000. ಯಾವ ಕ್ಲಚ್ ಪ್ಲೇಟೂ ಯಾವ ಎಂಜಿನ್ನೂ ಆ ಸುತ್ತಿಗೆ ತಡೆಯುವುದಿಲ್ಲ. ಚೂರಾಗಿ, ಕ್ಲಚ್ಚಿನ ಸುತ್ತಣ ಬೆಲ್ ಹೌಸಿಂಗ್ ಒಡೆದುಕೊಂಡು ಹೊರಬರುತ್ತವೆ. ಎರಡು ನಿಮಿಷದ ಆ ಪರೀಕ್ಷೆಯನ್ನು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿ.

ಎಂಜಿನ್ ಮುಂದಿನ ಚಕ್ರಗಳನ್ನು ನಡೆಸುವ ಸಣ್ಣ ಪಿಕಪ್‌ಗಳ ಲೆಕ್ಕ ಬೇರೆ. ಅವುಗಳ ಮ್ಯಾನುಯಲ್ ಗೇರ್‌ಬಾಕ್ಸಿನಲ್ಲಿ ಡಿಫರೆನ್ಷಿಯಲ್‌ನ ದೊಡ್ಡ ಗೇರ್ ಎಣ್ಣೆಯಲ್ಲೇ ಕೂತು ಚಕ್ರದೊಂದಿಗೆ ತಿರುಗುತ್ತಾ ಎಣ್ಣೆ ಎರಚುವುದರಿಂದ ಎಷ್ಟೋ ಗಾಡಿಗಳನ್ನು ನ್ಯೂಟ್ರಲ್‌ನಲ್ಲಿ ಎಳೆಯಲು ಅನುಮತಿ ಇರುತ್ತದೆ. ಒಂದೇ ಹೆಸರಿನ ಗಾಡಿಯಲ್ಲೂ ಎಂಜಿನ್ ಬದಲಾದರೆ ಉತ್ತರ ಬದಲಾಗುತ್ತದೆ: ಫೋರ್ಡ್ ಮ್ಯಾವರಿಕ್‌ನ 2022ರ ಹೈಬ್ರಿಡ್ ಮಾದರಿಯನ್ನು ನಾಲ್ಕು ಚಕ್ರದ ಮೇಲೆ ಎಳೆಯಬಹುದು, ಟರ್ಬೊ ಎಂಜಿನ್ನಿನದನ್ನು ಎಳೆಯಬಾರದು. ನಿಮ್ಮ ಗಾಡಿಯ, ನಿಮ್ಮ ವರ್ಷದ ಕೈಪಿಡಿಯೇ ಇಲ್ಲಿ ಪ್ರಮಾಣ.

ಮುಂದಿನ ಚಕ್ರಗಳ ನಡುಕ

ಹಿಂಬದಿಯ ಕ್ಯಾಮೆರಾದಲ್ಲಿ ಪಿಕಪ್ ಮೂತಿ ಎಡಕ್ಕೆ ಬಲಕ್ಕೆ ಬಡಬಡನೆ ಅದುರುವುದನ್ನು ಮೊದಲ ಸಲ ನೋಡಿದವರಿಗೆ ಎದೆ ನಡುಗುತ್ತದೆ. ಸಾಮಾನ್ಯವಾಗಿ ಒಂದು ಗುಂಡಿಯೋ ಸೇತುವೆಯ ಜಾಯಿಂಟೋ ಇದನ್ನು ಹೊತ್ತಿಸುತ್ತದೆ, ಆಮೇಲೆ ತಾನಾಗಿ ನಿಲ್ಲುವುದಿಲ್ಲ. ಆಗ ಬ್ರೇಕನ್ನು ಜೋರಾಗಿ ಒತ್ತಬೇಡಿ. ಆಕ್ಸಿಲರೇಟರ್ ಬಿಟ್ಟು ನಿಧಾನವಾಗಿ ವೇಗ ಇಳಿಸಿ, ನಡುಕ ನಿಂತ ಮೇಲೆ ಬದಿಗೆ ಹೋಗಿ.

ಹುಡುಕುವ ಕ್ರಮದಲ್ಲಿ ಸುಲಭವಾದದ್ದು ಮೊದಲು: ಟೈರ್ ಗಾಳಿ. ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿ ಬರೆದಷ್ಟೇ ಇರಲಿ, ಎರಡೂ ಮುಂದಿನ ಟೈರ್‌ಗಳಲ್ಲಿ ಒಂದೇ ಇರಲಿ. ನಂತರ ಸಾಮಾನಿನ ಹೊರೆ. ಪಿಕಪ್‌ನಲ್ಲಿ ಇದನ್ನು ಮರೆಯುವವರೇ ಹೆಚ್ಚು. ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಟ್ಟ ಭಾರ ತಕ್ಕಡಿಯ ಹಾಗೆ ಮೂತಿಯನ್ನು ಎತ್ತುತ್ತದೆ. ಮುಂದಿನ ಚಕ್ರಗಳ ಮೇಲಿನ ತೂಕ ಕಡಿಮೆಯಾದಾಗ ಅವು ನೆಲವನ್ನು ಗಟ್ಟಿಯಾಗಿ ಹಿಡಿಯದೆ ಅಲುಗಾಡುತ್ತವೆ. ನಾನು ಒಮ್ಮೆ ಎರಡು ದಿನ, ಚಕ್ರವನ್ನು ಸ್ಟೇರಿಂಗಿಗೆ ಜೋಡಿಸುವ ಟೈ ರಾಡ್, ಬುಶ್ ಎಂದು ಕಂಡಕಂಡದ್ದನ್ನೆಲ್ಲ ಬಿಚ್ಚಿ ನೋಡಿದೆ. ಕೊನೆಗೆ ದೋಷ ಸಿಕ್ಕಿದ್ದು ಹಿಂಬಾಗಿಲಿಗೆ ಒತ್ತಿ ಕಟ್ಟಿದ್ದ ಜನರೇಟರ್ ಮತ್ತು ಉಪಕರಣಗಳ ಪೆಟ್ಟಿಗೆಯಲ್ಲಿ. ಎರಡನ್ನೂ ಕ್ಯಾಬಿನ್ನಿನ ಗೋಡೆಗೆ ತಾಗುವಂತೆ ಮುಂದಕ್ಕೆ ಸರಿಸಿ, ಅದೇ ರಸ್ತೆಯಲ್ಲಿ ಅದೇ ಉಬ್ಬಿನ ಮೇಲೆ ಅದೇ ವೇಗದಲ್ಲಿ ಹಾದೆ. ಮೂತಿ ಒಮ್ಮೆ ತಲೆಯಾಡಿಸಿ ನೆಟ್ಟಗಾಯಿತು. ಅಂದಿನಿಂದ ನಾನು ಸ್ಪ್ಯಾನರ್ ಹಿಡಿಯುವ ಮೊದಲು ಹಿಂದಿನ ತೊಟ್ಟಿಯನ್ನು ನೋಡುತ್ತೇನೆ.

ಮೂರನೆಯದು ಟೋ ಬಾರಿನ ಮಟ್ಟ. ಸಮತಟ್ಟಾದ ನೆಲದಲ್ಲಿ ಎರಡೂ ಗಾಡಿ ನಿಲ್ಲಿಸಿ, ಮೋಟರ್‌ಹೋಮ್‌ನ ಹಿಚ್ (ಟೋ ಬಾರ್ ಸಿಕ್ಕಿಸುವ ಕೊಂಡಿ) ನೆಲದಿಂದ ಎಷ್ಟು ಎತ್ತರ, ಪಿಕಪ್‌ನ ಬೇಸ್‌ಪ್ಲೇಟ್ (ಬಾರ್ ಕೂರುವ ಮುಂಬದಿಯ ತಟ್ಟೆ) ಎಷ್ಟು ಎತ್ತರ ಎಂದು ಅಳೆಯಿರಿ. ಸಮವಾಗಿದ್ದರೆ ಉತ್ತಮ, ಹಿಚ್ ಮೂರು ನಾಲ್ಕು ಅಂಗುಲ ಮೇಲಿದ್ದರೂ ಸಾಮಾನ್ಯವಾಗಿ ಒಪ್ಪಿತ. ಹಿಚ್ ಕೆಳಗಿದ್ದು ಪಿಕಪ್ ಕಡೆ ಮೇಲಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಬಾರ್ ಪಿಕಪ್‌ನ ಮೂತಿಯನ್ನು ಮೇಲಕ್ಕೆ ತಳ್ಳುತ್ತದೆ. ದೊಡ್ಡ ಟೈರ್ ಹಾಕಿ ಎತ್ತರಿಸಿದ ಪಿಕಪ್‌ಗಳಲ್ಲಿ ಇದು ಸಾಮಾನ್ಯ. ಎತ್ತರ ಸರಿದೂಗಿಸುವ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ, ಆದರೆ ಅದೂ ಎಳೆಯುವ ತೂಕ ತಡೆಯುವಂಥದ್ದೇ ಇರಬೇಕು.

ಇಷ್ಟೂ ಸರಿಯಿದ್ದು ನಡುಕ ಉಳಿದಿದ್ದರೆ ಮುಂದಿನ ಭಾಗದ ಸವೆತ ಹುಡುಕಬೇಕು. ಒಬ್ಬರು ಕ್ಯಾಬಿನ್ನಿನಲ್ಲಿ ಕುಳಿತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ನಾಲ್ಕು ಬೆರಳಷ್ಟು ಮಾತ್ರ ಅಲುಗಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಡಲಿ. ಗಟ್ಟಿ ಜಾಯಿಂಟ್‌ನಲ್ಲಿ ಎರಡೂ ಭಾಗ ಒಟ್ಟಿಗೆ ಕದಲುತ್ತವೆ. ಸವೆದದ್ದರಲ್ಲಿ ಒಂದು ಕದಲಿದ ಮೇಲೆ ಸ್ವಲ್ಪ ತಡೆದು ಇನ್ನೊಂದು ಕದಲುತ್ತದೆ, ಬೆರಳಿಗೆ 'ಟಕ್' ಎಂದು ತಾಗುತ್ತದೆ. ಆಮೇಲೆ ಚಕ್ರವನ್ನು ಜಾಕ್‌ನಿಂದ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ: ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ವ್ಹೀಲ್ ಬೇರಿಂಗ್. 9 ಮತ್ತು 3ರಲ್ಲಿ ಮಾತ್ರ ಸಡಿಲವಿದ್ದರೆ ಟೈ ರಾಡ್ ಎಂಡ್. ಮುಂದೆ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ, ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಟ್ರ್ಯಾಕ್ ಬಾರಿನ ಬುಶ್ಶನ್ನೂ ಅದರ ಬೋಲ್ಟನ್ನೂ ತಪ್ಪದೆ ನೋಡಿ. ಅಲುಗಾಟವನ್ನು ತಡೆದು ಹಿಡಿಯುವ ಸ್ಟೇರಿಂಗ್ ಡ್ಯಾಂಪರ್ ಬದಲಿಸಿದರೆ ನಡುಕ ಅಡಗುತ್ತದೆ, ನಿಜ. ಸವೆದ ಬುಶ್ ಹಾಗೆಯೇ ಉಳಿದಿದ್ದರೆ ಹೊಸ ಡ್ಯಾಂಪರ್ ಕೂಡ ಬೇಗ ಸೋಲುತ್ತದೆ.

ಟೈರಿನ ಮೈಯನ್ನು ಅಂಗೈಯಿಂದ ಅಡ್ಡಲಾಗಿ ಸವರಿ. ಒಂದು ದಿಕ್ಕಿಗೆ ನುಣುಪು, ಹಿಂದಿರುಗುವಾಗ ಗರಗಸದ ಹಲ್ಲಿನಂತೆ ತಾಗಿದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ (toe) ತಪ್ಪಿದೆ. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ.

ಬ್ರೇಕ್ ಬಿಸಿ

ಪಿಕಪ್‌ನ ಪೆಡಲನ್ನು ಒತ್ತುವ ಪೆಟ್ಟಿಗೆಯಂಥ ಹೆಚ್ಚುವರಿ ಬ್ರೇಕ್ ಸಾಧನ ಇದ್ದಲ್ಲಿ ಈ ದೋಷ ಹೆಚ್ಚು. ಬ್ರೇಕ್ ಅಷ್ಟಾಗಿ ಬಳಸದ ನೇರ ರಸ್ತೆಯಲ್ಲಿ 15 ನಿಮಿಷ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಿಸಿ ಅಳೆಯಿರಿ. ಅಂಕಿಗಳೇ ದಾರಿ ತೋರಿಸುತ್ತವೆ. ನಾಲ್ಕೂ ಸುಡುತ್ತಿದ್ದರೆ ಪೆಡಲ್ ಇಡೀ ದಾರಿ ಒತ್ತಿಕೊಂಡೇ ಇತ್ತು ಎಂದರ್ಥ. ಹಿಂದಿನ ಎರಡು ಮಾತ್ರ ಬಿಸಿಯಾಗಿದ್ದರೆ ಹ್ಯಾಂಡ್ ಬ್ರೇಕ್ ಇಳಿಸಿಲ್ಲ, ಅಥವಾ ಅದರ ಕೇಬಲ್ ಹಿಡಿದುಕೊಂಡಿದೆ. ಒಂದೇ ಚಕ್ರ ತನ್ನ ಜೋಡಿಗಿಂತ 30–40 ಡಿಗ್ರಿ ಹೆಚ್ಚಿದ್ದರೆ ದೋಷ ಆ ಚಕ್ರದ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಅಥವಾ ಬೇರಿಂಗಿನದು. ಎತ್ತಿ ಕೈಯಿಂದ ತಿರುಗಿಸಿ: ಉಜ್ಜುವ ಸದ್ದಿನೊಂದಿಗೆ ಬಿಗಿಯಾಗಿದ್ದರೆ ಬ್ರೇಕ್, ಸಲೀಸಾಗಿ ತಿರುಗುತ್ತಾ ಗುರುಗುಟ್ಟಿದರೆ ಬೇರಿಂಗ್.

ಪೆಡಲ್ ಒತ್ತಿಕೊಂಡೇ ಇರಲು ಬಹುಮಟ್ಟಿಗೆ ಕಾರಣ ಜೋಡಣೆಯ ತಪ್ಪು. ಎಂಜಿನ್ ನಿಲ್ಲಿಸಿದ ಮೇಲೂ, ಪೆಡಲಿಗೆ ಬಲ ಕೂಡಿಸುವ ಬೂಸ್ಟರ್‌ನಲ್ಲಿ ಎರಡು ಮೂರು ಒತ್ತಿಗಾಗುವಷ್ಟು ವ್ಯಾಕ್ಯೂಮ್ ಉಳಿದಿರುತ್ತದೆ, ಪೆಡಲ್ ಮೆತ್ತಗಿರುತ್ತದೆ. ಆ ಮೆತ್ತನೆಯ ಪೆಡಲಿಗೆ ಸಾಧನವನ್ನು ಹೊಂದಿಸಿದರೆ ಅಳತೆಯೇ ತಪ್ಪುತ್ತದೆ. ಮೊದಲು ಪೆಡಲನ್ನು ನಾಲ್ಕೈದು ಸಲ ಒತ್ತಿ, ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ ಸಾಧನ ಕೂರಿಸಿ. ಸೀಟನ್ನು ಮುಂದಕ್ಕೆ ತಂದು ಪೆಟ್ಟಿಗೆಗೆ ಒತ್ತು ಕೊಡುವ ಮಾದರಿಗಳಲ್ಲಿ ಸೀಟು ಒಂದು ಹಲ್ಲು ಹೆಚ್ಚು ಮುಂದಿದ್ದರೂ ಸಾಕು, ಬ್ರೇಕ್ ಹಿಡಿಯುತ್ತದೆ. ಹೊಂದಿಸಿದ ಮೇಲೆ ಪಿಕಪ್‌ನ ಹಿಂದೆ ಹೋಗಿ ನೋಡಿ: ಯಾರೂ ಬ್ರೇಕ್ ಒತ್ತದಿರುವಾಗ ಬ್ರೇಕ್ ದೀಪ ಉರಿಯುತ್ತಿದ್ದರೆ ಪೆಡಲ್ ಕೆಳಗಿದೆ.

ಎರಡು ಗಾಡಿ ಬೇರ್ಪಟ್ಟರೆ ಪಿಕಪ್ ಬ್ರೇಕ್ ಹಾಕುವ ತುರ್ತು ಕೇಬಲ್ಲನ್ನು ಮೋಟರ್‌ಹೋಮ್‌ನ ಚಾಸಿಗೇ ಕಟ್ಟಿ. ಟೋ ಬಾರಿಗೆ ಕಟ್ಟಿದರೆ ಬಾರ್ ಕಳಚಿದಾಗ ಕೇಬಲ್ಲೂ ಅದರೊಂದಿಗೇ ಹೋಗುತ್ತದೆ, ಬ್ರೇಕ್ ಹಿಡಿಸಲು ಎಳೆಯಬೇಕಾದ ಪಿನ್ನನ್ನು ಎಳೆಯುವುದಿಲ್ಲ.

ಬ್ಯಾಟರಿ ಸತ್ತಿರುವುದು

ಸ್ಟೇರಿಂಗ್ ಲಾಕ್ ಬಿಡಲೆಂದು ಕೀಯನ್ನು ಒಂದು ಹಂತ ತಿರುಗಿಸಿಟ್ಟು ಎಳೆಯುವ ಗಾಡಿಗಳಲ್ಲಿ ಸಂಜೆಗೆ ಬ್ಯಾಟರಿ ಇಳಿದಿರುತ್ತದೆ. ಲೆಕ್ಕ ಸರಳ: 2 ಆಂಪಿಯರ್ ಎಳೆದರೂ 8 ಗಂಟೆಗೆ 16 ಆಂಪಿಯರ್ ಅವರ್. ಬ್ರೇಕ್ ಪೆಟ್ಟಿಗೆಯೂ ಅದೇ ಬ್ಯಾಟರಿಯಿಂದ ಕುಡಿಯುತ್ತಿದ್ದರೆ ಇನ್ನೂ ಹೆಚ್ಚು. ಹೊರಡುವಾಗ 12.6 ವೋಲ್ಟ್ ಇದ್ದದ್ದು ಸಂಜೆಗೆ 12ಕ್ಕಿಂತ ಕೆಳಗೆ ಬಂದಿದ್ದರೆ ಮೋಟರ್‌ಹೋಮ್‌ನಿಂದ ಚಾರ್ಜ್ ಲೈನ್ ಬೇಕು. ಲೈನ್ ಇದ್ದೂ ಇಳಿಯುತ್ತಿದ್ದರೆ, ಮೋಟರ್‌ಹೋಮ್ ಎಂಜಿನ್ ಓಡುತ್ತಿರುವಾಗ ಪಿಕಪ್ ಬ್ಯಾಟರಿಯ ತುದಿಗಳಲ್ಲಿಯೇ ಅಳೆಯಿರಿ. 13 ವೋಲ್ಟ್ ದಾಟದಿದ್ದರೆ ಫ್ಯೂಸ್ ಹೋಗಿದೆ, ಇಲ್ಲವೇ ವೈರ್ ತೆಳುವಾಗಿದೆ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇರುವ ಗಾಡಿಯಲ್ಲಿ ಬ್ಯಾಟರಿ ಕಳಚುವ ಮೊದಲು ಕೈಪಿಡಿ ಓದಿ; ಕೆಲವಕ್ಕೆ ಎಳೆಯುವಾಗ ವಿದ್ಯುತ್ ಇರಲೇಬೇಕು.

ದೀಪಗಳ ಗೊಂದಲ

ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಿಣುಕುವುದು, ಬ್ರೇಕ್ ಒತ್ತಿದರೆ ಹಿಂದಿನ ದೀಪ ಮಂಕಾಗುವುದು: ಇಂಥ ಅರ್ಥವಾಗದ ಆಟಗಳ ಹಿಂದೆ ಹತ್ತರಲ್ಲಿ ಒಂಬತ್ತು ಸಲ ಅರ್ತ್ (ವಿದ್ಯುತ್ ಬ್ಯಾಟರಿಗೆ ಮರಳುವ ಸಂಪರ್ಕ) ಸರಿಯಿಲ್ಲದಿರುವುದೇ ನನಗೆ ಸಿಕ್ಕಿದೆ. ಒಂದು ವೈರ್ ತುಂಡಿನಿಂದ ಮೋಟರ್‌ಹೋಮ್ ಸಾಕೆಟ್ಟಿನ ಅರ್ತನ್ನು ಪಿಕಪ್ ಚಾಸಿಗೆ ನೇರವಾಗಿ ಮುಟ್ಟಿಸಿ. ದೀಪ ಸರಿಯಾದರೆ ದೋಷ ಸಿಕ್ಕಿತು. ಅರ್ತ್ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ. ಟೋ ಬಾರಿನ ಕಬ್ಬಿಣವೇ ಅರ್ತ್ ಆಗುತ್ತದೆ ಎಂದು ನೆಚ್ಚಿಕೊಳ್ಳಬಾರದು.

ಬ್ರೇಕ್ ಒತ್ತಿದಾಗ ಮಾತ್ರ ಇಂಡಿಕೇಟರ್ ನಿಂತುಹೋಗುವುದು ಬೇರೆಯೇ ದೋಷ. ಮೋಟರ್‌ಹೋಮ್‌ನಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಬೇರೆ ಬೇರೆ ದೀಪ, ಪಿಕಪ್‌ನಲ್ಲಿ ಎರಡಕ್ಕೂ ಒಂದೇ ಕೆಂಪು ದೀಪ ಇದ್ದರೆ, ಎರಡು ಸಂಕೇತಗಳನ್ನು ಒಂದೇ ದೀಪಕ್ಕೆ ಹೊಂದಿಸುವ ಕನ್ವರ್ಟರ್ ನಡುವೆ ಬೇಕು. ಕನ್ವರ್ಟರ್ ಇದ್ದೂ ಹೀಗಾದರೆ, ಬ್ರೇಕ್ ಪೆಟ್ಟಿಗೆ ಪೆಡಲ್ ಒತ್ತಿದಾಗ ಪಿಕಪ್‌ನ ಸ್ವಂತ ಬ್ರೇಕ್ ಸ್ವಿಚ್ ದೀಪವನ್ನು ಎಡೆಬಿಡದೆ ಉರಿಸುತ್ತಿರುತ್ತದೆ. ಎಳೆಯುವ ಗಾಡಿಯ ಸಂಕೇತಕ್ಕೆ ಪ್ರತ್ಯೇಕ ಬಲ್ಬ್ ಕೂರಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಶುದ್ಧವಾದ ಪರಿಹಾರ. ಅದು ಆಗದೆ ಪಿಕಪ್‌ನ ದೀಪಕ್ಕೇ ಜೋಡಿಸುವುದಾದರೆ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿ; ಆದರೆ ಬ್ರೇಕ್ ಸ್ವಿಚ್ ದೀಪ ಉರಿಸುವ ದೋಷ ಅದೊಂದರಿಂದಲೇ ಹೋಗುವುದಿಲ್ಲ. ಡಯೋಡ್ ಇಲ್ಲದೆ ಜೋಡಿಸಿದರೆ ವಿದ್ಯುತ್ ಹಿಮ್ಮುಖವಾಗಿ ಪಿಕಪ್‌ನ ಸರ್ಕ್ಯೂಟಿಗೆ ನುಗ್ಗುತ್ತದೆ.

ಟೋ ಬಾರ್: ಬಿಗಿದ ಪಿನ್, ಬಾಗಿದ ತೋಳು

ಪಿನ್ ಹೊರಬರದಿದ್ದರೆ ಸುತ್ತಿಗೆ ಎತ್ತಬೇಡಿ. ಗಾಡಿಗಳು ಓರೆಯಾಗಿ ನಿಂತಿರುತ್ತವೆ, ಬಾರಿನ ಮೇಲೆ ಒತ್ತಡ ಉಳಿದಿರುತ್ತದೆ, ಅಷ್ಟೆ. ನೇರವಾಗಿ ಕೆಲವು ಮೀಟರ್ ಮುಂದೆ ಎಳೆದು ನಿಲ್ಲಿಸಿ, ಪಿನ್ ಕೈಯಲ್ಲೇ ಬರುತ್ತದೆ. ಜೋಡಿಸುವಾಗ ಕೂಡ ಹಾಗೆಯೇ: ಬಾರಿನ ಎರಡು ತೋಳುಗಳೂ ಚಾಚಿ ಲಾಕ್ ಆಗುವವರೆಗೆ ನಿಧಾನವಾಗಿ ನೇರ ಓಡಿಸಿ, ಎರಡು 'ಕ್ಲಿಕ್' ಕೇಳಿಸಬೇಕು. ಒಂದೇ ಕೇಳಿಸಿದರೆ ಇಳಿದು ನೋಡಿ.

ಜೋಡಿಸಿದ ಗಾಡಿಯನ್ನು ರಿವರ್ಸ್ ತೆಗೆಯಬಾರದು. ಮುಂದಿನ ಚಕ್ರಗಳು ಒಂದೇ ಬದಿಗೆ ಪೂರ್ತಿ ಹೊರಳಿ ನಿಲ್ಲುತ್ತವೆ, ತೋಳು ಬಾಗುತ್ತದೆ. ಒಮ್ಮೆ ಹಾಗಾಗಿದ್ದರೆ ತೋಳುಗಳನ್ನು ಕಳಚಿ ಸಪಾಟು ನೆಲದ ಮೇಲೆ ಉರುಳಿಸಿ ನೋಡಿ. ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಿ ಬಳಸಬೇಡಿ, ಬದಲಿಸಿ.

ಬೇಸ್‌ಪ್ಲೇಟಿನ ಬೋಲ್ಟುಗಳನ್ನು ತಯಾರಕರು ಹೇಳಿದಷ್ಟು ಟಾರ್ಕ್‌ಗೆ (ಬಿಗಿತಕ್ಕೆ) ಬಿಗಿದ ಮೇಲೆ, ಬೋಲ್ಟಿನ ತಲೆಯಿಂದ ಪ್ಲೇಟಿನ ಮೇಲಕ್ಕೆ ಬಿಳಿ ಬಣ್ಣದ ಒಂದು ಗೆರೆ ಎಳೆದುಬಿಡಿ. ಮುಂದೆ ಪ್ರತಿ ನಿಲುಗಡೆಯಲ್ಲೂ ಬಗ್ಗಿ ನೋಡಿದರೆ ಸಾಕು. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ, ಅದನ್ನು ಬಿಗಿಯುವವರೆಗೆ ಹೊರಡಬೇಡಿ. ಹೊಸದಾಗಿ ಕೂರಿಸಿದ ಪ್ಲೇಟಾದರೆ ಮೊದಲ 80–100 ಕಿಲೋಮೀಟರ್ ಆದ ಮೇಲೆ ಗೆರೆ ಸರಿಯಿದ್ದರೂ ಟಾರ್ಕ್ ರೆಂಚ್ ಹಾಕಿ ಮತ್ತೊಮ್ಮೆ ನೋಡಿ.

ಯಾವ ದೋಷವನ್ನು ಸರಿಪಡಿಸಿದರೂ, ಮರುದಿನ ಹೆದ್ದಾರಿಗೆ ಏರುವ ಮೊದಲು ಖಾಲಿ ರಸ್ತೆಯಲ್ಲಿ 10 ಕಿಲೋಮೀಟರ್ ಎಳೆದು ನಿಲ್ಲಿಸಿ, ನಾಲ್ಕು ಹಬ್‌ಗಳ ಮತ್ತು ಗೇರ್‌ಬಾಕ್ಸ್ ಹಿಂತುದಿಯ ಬಿಸಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಪ್ರಯಾಣದಲ್ಲಿ ಅದೇ ಜಾಗಗಳನ್ನು ಅಳೆದಾಗ ಯಾವ ಅಂಕಿ ಮೇಲೇರಿದೆಯೋ ಅಲ್ಲಿಂದಲೇ ಹುಡುಕಲು ಶುರುಮಾಡಿ.